ಗೇಲಿ ನೆಂಟನ ಪಾಠ

"ಮೇಷ್ಟ್ರೇ, ಒಂದೇ ಸಲಕ್ಕೆ ಬರತ್ತಾ?"

ಮುಪುಂಡು ಶಾಲೆಯ ಒಂಬತ್ತನೆಯ ತರಗತಿ ಖಾಲಿಯಾದ ಮೇಲೆ ಲೊಂಬೆ ಕೇಳಿದ ಪ್ರಶ್ನೆ ಇದು. ಉಳಿದ ಮಕ್ಕಳು ಮನೆಗೆ ಓಡಿದ್ದರು. ಅವಳು ಕಿಟಕಿಯ ಪಕ್ಕ ಪೊರಕೆ ಹಿಡಿದು ನಿಂತಿದ್ದಳು. ಗುಡಿಸುತ್ತಿರಲಿಲ್ಲ.

ಕೆನಾನಿ ಶಾವಾ ಮೇಷ್ಟ್ರು ಹಲಗೆ ಒರೆಸುತ್ತಾ, "ಏನು ಬರೋದು? ಮಳೆನಾ, ಬಸ್ಸಾ?" ಅಂದರು. ನಮ್ಮೂರಲ್ಲಿ ಅವರು ಯಾವ ಮಾತಿಗಾದರೂ ಮೊದಲು ಕೊಡುತ್ತಿದ್ದ ಉತ್ತರ ಇಂಥದ್ದೇ.

"ಅದೇ, ನೀವು ಈಗ ಒರೆಸ್ತಿದ್ದೀರಲ್ಲ, ಅದು. ವೈರಸ್ಸು. ಒಂದೇ ಒಂದು ಸಲ ಆದ್ರೆ?"

ಮೇಷ್ಟ್ರ ಕೈ ನಿಂತಿತು. "ಯಾರಾದ್ರೂ ನಿನ್ನ ಹಿಂದೆ ಬಿದ್ದಿದ್ದಾರಾ?"

"ಬಿದ್ದಿಲ್ಲ. ಮನೆಯವರೇ ಕಳಿಸ್ತಾರೆ. ಭಾವನ ಹತ್ರ. ಅಕ್ಕ ಹೋದ ಮೇಲೆ."

"ನಿಮ್ಮಕ್ಕ ಇನ್ನೂ ಬದುಕಿದ್ದಾಳಲ್ಲೇ."

"ಹೂಂ. ಆದ್ರೆ ಅಜ್ಜಿ ಬಿಳಿ ಬಟ್ಟೆ ತೆಗೆದಿಟ್ಟಿದ್ದಾಳೆ."

ಹೆಂಡತಿ ಸತ್ತರೆ ಅವಳ ನೆರಳು ಗಂಡನ ಮೈಮೇಲೆ ಉಳಿಯುತ್ತದೆ ಎಂದು ನಮ್ಮ ಬೆಂಬಾ ಜನ ನಂಬುತ್ತಾರೆ. ಸತ್ತವಳ ತಾಯಿಬಳ್ಳಿಯ ಒಬ್ಬ ಹೆಣ್ಣು ಒಂದು ರಾತ್ರಿ ಅವನ ಜೊತೆ ಮಲಗಿ ಆ ನೆರಳನ್ನು ತವರಿಗೆ ವಾಪಸು ತರಬೇಕು. ಹಾಗೆ ಮಾಡದಿದ್ದರೆ ಗಂಡಿಗೆ ಹುಚ್ಚು ಹಿಡಿಯುತ್ತದೆ, ಇಲ್ಲವೇ ಮುಂದೆ ಅವನನ್ನು ಕಟ್ಟಿಕೊಂಡವಳು ಸಾಯುತ್ತಾಳೆ. ಲೊಂಬೆಯ ಅಕ್ಕ ಮ್ವಿಲಾಗೆ ಇದ್ದ ತಂಗಿ ಇವಳೊಬ್ಬಳೇ. ಹದಿನಾರು ವರ್ಷ. ಆ ಮನೆಯಲ್ಲಿ ಒಂಬತ್ತನೆಯ ತರಗತಿಯವರೆಗೆ ಬಂದ ಮೊದಲ ಹೆಣ್ಣು.

"ಒಂದು ಸಲಕ್ಕೆ ಬರಬಹುದು, ಬರದೆಯೂ ಇರಬಹುದು" ಅಂದರು ಮೇಷ್ಟ್ರು. "ಆದ್ರೆ ನಿನ್ನ ಮೈ ಇಸ್ಪೀಟ್ ಎಲೆ ಅಲ್ಲ ಕಣಮ್ಮಾ, ಹಾಕಿ ನೋಡೋಣ ಅನ್ನೋಕೆ. ಹೋಗಬೇಡ."

ಲೊಂಬೆ ಅವರ ಮುಖವನ್ನೇ ನೋಡಿದಳು. ನೋಡಿ ನೋಡಿ ಕೇಳಿದಳು: "ಮೇಷ್ಟ್ರೇ, ನೀವು ತಮಾಷೆ ಮಾಡ್ತಿಲ್ಲ ತಾನೇ?"

ಆ ಹುಡುಗಿ ಹಾಗೇಕೆ ಕೇಳಿದಳು ಎಂದು ತಿಳಿಯಬೇಕಾದರೆ ಶಾವಾ ಮೇಷ್ಟ್ರು ಯಾರು, ನಮಗೆ ಅವರು ಏನಾಗಬೇಕು ಎನ್ನುವುದು ತಿಳಿಯಬೇಕು.

ಅವರು ನ್ಗೋನಿ ಬುಡಕಟ್ಟಿನವರು. ಪೂರ್ವದ ಚಿಪಾಟಾ ಕಡೆಯವರು. ಮೇಷ್ಟ್ರಾಗುವ ಮೊದಲು ಬಸ್ಸಿನಲ್ಲಿ ಕಂಡಕ್ಟರಾಗಿದ್ದರಂತೆ. ಆ ಗಂಟಲು ಹಾಗೇ ಉಳಿದಿತ್ತು. ಮೂರನೆಯ ತರಗತಿಗೆ ಮಗ್ಗಿ ಹೇಳಿಕೊಟ್ಟರೆ ರಸ್ತೆಯಲ್ಲಿ ಹೋಗುವ ಲಾರಿಯವರಿಗೂ ಬಾಯಿಪಾಠವಾಗುತ್ತಿತ್ತು. ನಮ್ಮ ಮುತ್ತಜ್ಜಂದಿರೂ ಅವರ ಮುತ್ತಜ್ಜಂದಿರೂ ಈಟಿ ಹಿಡಿದು ಬಡಿದಾಡಿದವರು. ಆ ಜಗಳ ಮುಗಿದ ಮೇಲೆ ಎರಡೂ ಕಡೆಯವರು ಸೇರಿ ಒಂದು ಜಾಣತನ ಮಾಡಿಕೊಂಡರು: ಇನ್ನು ಮುಂದೆ ಬಡಿದಾಟ ಬಾಯಲ್ಲಿ ಮಾತ್ರ. ಬೆಂಬಾ ನ್ಗೋನಿಯನ್ನು ಏನು ಬೇಕಾದರೂ ಅನ್ನಬಹುದು, ನ್ಗೋನಿ ಬೆಂಬಾನನ್ನು ಏನು ಬೇಕಾದರೂ ಅನ್ನಬಹುದು. ಮೊದಲು ಸಿಟ್ಟಾದವನು ಸೋತ. ಊರಿನವರು ಅವನನ್ನು ಮನುಷ್ಯರ ಲೆಕ್ಕದಿಂದ ಬಿಡುತ್ತಾರೆ. ಹೀಗೆ ಅವರು ನಮಗೆ ಗೇಲಿ ನೆಂಟರು.

ಮೇಷ್ಟ್ರು ತಗಡಿನ ಪೆಟ್ಟಿಗೆ ಹೊತ್ತುಕೊಂಡು ಲಾರಿಯಿಂದ ಇಳಿದ ದಿನವೇ ಲೊಂಬೆಯ ಸೋದರಮಾವ ನ್ಕೊಲೆ ಕೂಗಿದ್ದ: "ಬನ್ರಪ್ಪಾ ನೋಡಿ, ಇಲಿ ತಿನ್ನೋನು ಬಂದ. ಇನ್ಮೇಲೆ ಊರ ಬೆಕ್ಕುಗಳೆಲ್ಲ ಉಪವಾಸ."

ಮೇಷ್ಟ್ರು ಪೆಟ್ಟಿಗೆ ಇಳಿಸಿ, ಸುತ್ತಲಿನ ಮರಗಳನ್ನೆಲ್ಲ ನೋಡಿ, "ಅದಕ್ಕೇ ಅಂತೀನಿ, ಈ ಊರಲ್ಲಿ ಒಂದು ಕೋತಿನೂ ಕಾಣ್ತಿಲ್ವಲ್ಲ. ಎಲ್ಲ ನಿಮ್ಮ ಹೊಟ್ಟೆ ಸೇರಿದ್ವಾ?" ಅಂದರು. ಆ ಸಂಜೆಯೇ ಅವರಿಗೆ ನ್ಕೊಲೆಯ ಮನೆಯಲ್ಲಿ ಮುದ್ದೆ, ಮರಗೆಣಸಿನ ಸೊಪ್ಪಿನ ಸಾರು.

ಬದುಕುವ ಪಾಠ ಎಂದು ಸರ್ಕಾರ ಒಂದು ಪುಸ್ತಕ ಕಳಿಸಿತ್ತು. ಅದು ಹೆಡ್‌ಮಾಸ್ಟರ್ ಮಲಾಮಾ ಅವರ ಬೀರುವಿನಲ್ಲಿ ಬೀಗದೊಳಗೆ ಇತ್ತು. ಅಧಿಕಾರಿಗಳು ಬರುವ ದಿನ ಹೊರಗೆ ಬರುತ್ತಿತ್ತು. ಅವರ ಬಿಳಿ ಜೀಪಿನ ಧೂಳು ಆರಿದ ಮೇಲೆ ಒಳಗೆ ಹೋಗುತ್ತಿತ್ತು. ನಾನು ಏಳನೆಯ ತರಗತಿಗೆ ಬಿಟ್ಟ ಶಾಲೆ ಅದು. ನನಗೆ ಕಲಿಸಿದ ಮೇಷ್ಟ್ರುಗಳಲ್ಲಿ ಅರ್ಧಕ್ಕರ್ಧ ಜನ ಈಗ ಮಣ್ಣಿನೊಳಗಿದ್ದಾರೆ. ಯಾರು ಯಾತರಿಂದ ಸತ್ತರು ಎಂದು ಕೇಳಿದರೆ ಒಬ್ಬರಿಗೆ ಕೆಮ್ಮು, ಒಬ್ಬರಿಗೆ ಮಲೇರಿಯಾ, ಒಬ್ಬರಿಗೆ ಮಾಟ. ನಮ್ಮೂರಲ್ಲಿ ಆ ಕಾಯಿಲೆಯಿಂದ ಇದುವರೆಗೆ ಒಬ್ಬನೂ ಸತ್ತಿಲ್ಲ. ಗೋಡೆಯ ಮೇಲೆ ಮಾತ್ರ ದೊಡ್ಡ ಇಂಗ್ಲಿಷಿನಲ್ಲಿ ಬರೆದಿದೆ, ಅದು ಕೊಲ್ಲುತ್ತದೆ ಎಂದು. ಯಾರನ್ನು ಕೊಂದಿತು ಎಂದು ಕೇಳಿದರೆ ಗೋಡೆಗೂ ಗೊತ್ತಿಲ್ಲ.

ಮಲಾಮಾ ಕೆಟ್ಟವರಲ್ಲ. ಅವರು ಈ ಊರಿನವರೇ, ಅದೇ ತೊಡಕು. ಮುಂದಿನ ಸಾಲಿನ ಹುಡುಗಿಯರಲ್ಲಿ ಒಬ್ಬಳು ತಂಗಿಯ ಮಗಳು, ಒಬ್ಬಳು ಅಣ್ಣನ ಮಗಳು. ಅವರ ಮುಂದೆ ಮೈಯ ಮಾತು ಆಡಿದ ಗಂಡಸು ನಮ್ಮಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ. ಅವರು ಪುಸ್ತಕ ತೆಗೆಸಿ, "ಮನಸ್ಸಿನಲ್ಲೇ ಓದಿಕೊಳ್ಳಿ" ಎಂದು ಹೇಳಿ ಹೊರಗೆ ಹೋಗಿ ಆಡು ಅಟ್ಟುತ್ತಿದ್ದರು. ಶಾವಾ ಮೇಷ್ಟ್ರು ಬಂದದ್ದೇ ಅವರಿಗೆ ದೇವರು ಬಂದ ಹಾಗಾಯಿತು.

"ಇದು ನಿಮ್ದು" ಎಂದು ಪುಸ್ತಕ ಕೈಗಿಟ್ಟರಂತೆ. "ನೀವು ನ್ಗೋನಿ. ನೀವು ಏನಂದ್ರೂ ಯಾರಿಗೂ ಸಿಟ್ಟು ಬರಲ್ಲ."

ನಿಜವೇ, ಯಾರಿಗೂ ಬರಲಿಲ್ಲ. ಮೇಷ್ಟ್ರು ಹಲಗೆಯ ಮೇಲೆ ಗಂಡಿನ ಚಿತ್ರ, ಹೆಣ್ಣಿನ ಚಿತ್ರ ಬರೆದರು. ಎಲ್ಲಕ್ಕೂ ಅದರದರ ಹೆಸರು ಹೇಳಿದರು. ಹುಡುಗಿಯರು ಮುಖ ಮುಚ್ಚಿಕೊಂಡು ನಕ್ಕರು, ಹುಡುಗರು ಬೆಂಚು ಕುಟ್ಟಿ ನಕ್ಕರು. ಬಾಯಿಬಿಟ್ಟು ಕೇಳಲು ನಾಚಿಕೆಯಾದರೆ ಚೀಟಿ ಹಾಕಿ ಎಂದು ಹಾಲಿನ ಪುಡಿಯ ಒಂದು ಡಬ್ಬ ಇಟ್ಟರು. ಶುಕ್ರವಾರ ಬಂದರೆ ಡಬ್ಬ ತುಂಬಿರುತ್ತಿತ್ತು. ಸೊಳ್ಳೆ ಮೊದಲು ಕಾಯಿಲೆಯವರನ್ನ ಕಚ್ಚಿ ಆಮೇಲೆ ನನ್ನನ್ನ ಕಚ್ಚಿದರೆ? ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದರೆ? ಕ್ಷೌರದವನ ಕತ್ತಿ? ಪಾದ್ರಿಗಳಿಗೂ ಬರುತ್ತದಾ? ಮಕ್ಕಳ ತಲೆಯೊಳಗೆ ಎಷ್ಟು ಪ್ರಶ್ನೆ ಕೊಳೆಯುತ್ತಿತ್ತು ಎಂದು ನೆನೆದರೆ ನನಗೆ ಈಗಲೂ ಬೀರುವಿನ ಮೇಲೆ ಸಿಟ್ಟು ಬರುತ್ತದೆ.

ಒಂದು ಚೀಟಿಯಲ್ಲಿ ಹೀಗಿತ್ತು: ಕಾಂಡೋಮಿನ ಒಳಗೇ ಹುಳ ಇರುತ್ತದಂತೆ, ನೀರು ತುಂಬಿ ಬಿಸಿಲಿಗಿಟ್ಟರೆ ಕಾಣುತ್ತದಂತೆ, ಹೌದಾ? ಮೇಷ್ಟ್ರು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಒಂದು ತಂದರು, ನೀರು ತುಂಬಿದರು, ಗಂಟು ಹಾಕಿ ಕಿಟಕಿಯ ಬಿಸಿಲಿಗೆ ತೂಗು ಹಾಕಿದರು. ಇಡೀ ಶಾಲೆ ಪಾಠ ಬಿಟ್ಟು ಅದನ್ನೇ ನೋಡಿತು. ಸುದ್ದಿ ಕೇಳಿ ನಾನೂ ಹೋಗಿದ್ದೆ. ಬಿಸಿಲು ಅದರೊಳಗೆ ಹಾಯ್ದು ಗೋಡೆಯ ಮೇಲೆ ನಡುಗುತ್ತಿತ್ತು. ಹಾಲುಗಲ್ಲದ ಹುಡುಗಿಯರು ಕಣ್ಣು ಕಿರಿದು ಮಾಡಿ ಮೂಗು ತಾಗುವಷ್ಟು ಹತ್ತಿರ ನಿಂತು ಹುಳ ಹುಡುಕುತ್ತಿದ್ದರು. ಮೋಡ ಬರುವವರೆಗೂ ಒಂದು ಹುಳವೂ ಕಾಣಲಿಲ್ಲ.

"ಈಗ ಏನಂತೀರಾ?" ಅಂದರು ಮೇಷ್ಟ್ರು.

ಹಿಂದಿನ ಬೆಂಚಿನಿಂದ ಉತ್ತರ ಬಂತು: "ನೀವು ಮುಟ್ಟಿದ್ರಲ್ಲ ಮೇಷ್ಟ್ರೇ, ಎಲ್ಲಾ ಹುಳನೂ ಹೆದರಿ ಓಡಿಹೋಗಿರತ್ತೆ. ನ್ಗೋನಿ ಕೈಗೆ ಸಿಕ್ಕಿದ್ರೆ ಹುರ್ಕೊಂಡು ತಿಂತಾನೆ ಅಂತ."

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಆದರೆ ಅವತ್ತು ನನ್ನ ಜೊತೆ ನಡೆದು ಬರುವಾಗ, "ಒಂದು ವಿಷಯ ಹೇಳಿ" ಅಂದರು. "ಇವರು ನಗ್ತಾರಲ್ಲ, ಇವರಿಗೆ ಕೇಳ್ಸುತ್ತಾ?"

ನನಗೂ ಅದೇ ಕುತೂಹಲ. ಉತ್ತರ ಮಾತ್ರ ಹೆಂಡದ ಮನೆಯಲ್ಲಿ ಸಿಕ್ಕಿತು. ನ್ಕೊಲೆ ಮಡಕೆಯ ಸುತ್ತ ಕೂತವರಿಗೆ ವಿವರಿಸುತ್ತಿದ್ದ: "ನ್ಗೋನಿಗಳು ಈಟಿ ಹಿಡ್ಕೊಂಡು ಬಂದ್ರು, ಸೋತ್ರು. ಈಗ ಸೀಮೆಸುಣ್ಣ ಹಿಡ್ಕೊಂಡು ಬಂದವ್ರೆ. ಹೆಂಗಸರ ತಂಟೆಗೆ ಹೋಗಬೇಡಿ, ಹೋದ್ರೆ ರಬ್ಬರ್ ಹಾಕ್ಕೊಳ್ಳಿ ಅಂತ ಹೇಳ್ಕೊಡೋದು. ಯಾಕೆ ಹೇಳಿ? ಬೆಂಬಾ ಸಂತಾನ ನಿಲ್ಲಿಸೋಕೆ. ಬುದ್ಧಿವಂತ ನನ್ನ ಮಗ."

ಅವನು ಅದನ್ನು ದ್ವೇಷದಿಂದ ಹೇಳಲಿಲ್ಲ, ಮೆಚ್ಚಿ ಹೇಳಿದ. ಗೇಲಿ ನೆಂಟನ ಅತ್ಯುತ್ತಮ ಗೇಲಿ ಎಂದೇ ಊರು ಆ ಪಾಠವನ್ನು ತೆಗೆದುಕೊಂಡಿತ್ತು. ಮಕ್ಕಳು ಮನೆಗೆ ಹೋಗಿ ಅಭಿನಯಿಸಿ ತೋರಿಸುತ್ತಿದ್ದರು, ಮನೆಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬೇರೆ ಯಾರ ಬಾಯಿಂದಲೂ ಬರಲಾರದ ಮಾತು ಅವರ ಬಾಯಿಂದ ಬರುತ್ತಿತ್ತು. ಅವರ ಬಾಯಿಂದ ಬಂದದ್ದರಿಂದಲೇ ಅದು ನಿಜವಾಗುತ್ತಿರಲಿಲ್ಲ.

ಈಗ ಲೊಂಬೆಯ ಪ್ರಶ್ನೆಗೆ ಬರೋಣ. ತಮಾಷೆ ಅಲ್ಲ ತಾನೇ ಎಂದು ಅವಳು ಕೇಳಿದಾಗ ಮೇಷ್ಟ್ರು, "ಅಲ್ಲ ಲೊಂಬೆ" ಅಂದರು. ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ಮೇಷ್ಟ್ರಿಗೆ ಗೊತ್ತಾಗಲಿಲ್ಲ. "ನಂಬಿದ್ರೂ ನಾನೇನು ಮಾಡ್ಲಿ?" ಎಂದು ಕೇಳಿ ಅವಳು ಗುಡಿಸಲು ಶುರು ಮಾಡಿದಳು.

ಆ ಪುಸ್ತಕದಲ್ಲಿ ಒಂದು ಪಾಠ ಇದೆ, "ಬೇಡ ಎನ್ನಲು ಕಲಿಯಿರಿ" ಎಂದು. ಸೈಕಲ್ಲಿನಲ್ಲಿ ಬಂದ ಹುಡುಗನೊಬ್ಬ ಹುಡುಗಿಗೆ ಬಿಸ್ಕತ್ತು ಕೊಡುತ್ತಾನೆ, ಅವಳು ಎದೆಯುಬ್ಬಿಸಿ ಬೇಡ ಎನ್ನುತ್ತಾಳೆ. ಚೆನ್ನಾಗಿದೆ ಚಿತ್ರ. ಅದನ್ನು ಬರೆದವರು ದೊಡ್ಡ ಊರಿನ ಹೋಟೆಲಿನಲ್ಲಿ ತಂಪು ಪಾನೀಯ ಕುಡಿಯುತ್ತಾ ಬರೆದಿರಬೇಕು. ಬಿಸ್ಕತ್ತಿನ ಹುಡುಗನಿಗೆ ಬೇಡ ಎನ್ನುವುದು ನಮ್ಮ ಹುಡುಗಿಯರಿಗೆ ಹುಟ್ಟಿನಿಂದಲೇ ಗೊತ್ತು. ಸೋದರಮಾವ, ಅಜ್ಜಿ, ಭಾವ, ಸತ್ತ ಅಕ್ಕ ಎಲ್ಲರೂ ಚಾಪೆಯ ಮೇಲೆ ಕೂತು ನೀನು ಹೋಗದಿದ್ದರೆ ಮನುಷ್ಯ ಹುಚ್ಚನಾಗುತ್ತಾನೆ ಎಂದಾಗ ಬೇಡ ಎನ್ನುವುದು ಹೇಗೆ ಎಂಬ ಪಾಠ ಯಾವ ಪುಟದಲ್ಲಿದೆ? ನಾನು ಇಡೀ ಪುಸ್ತಕ ತಿರುವಿ ನೋಡಿದ್ದೇನೆ. ಇಲ್ಲ.

ಮೇಷ್ಟ್ರು ಮೊದಲು ಮಲಾಮಾ ಅವರ ಹತ್ತಿರ ಹೋದರು. "ಪೊಲೀಸರಿಗೆ ಹೇಳೋಣ್ವಾ?"

"ಹೇಳಿ. ಬರ್ತಾರೆ, ಮಾವನ್ನ ಹಿಡ್ಕೊಂಡು ಹೋಗ್ತಾರೆ. ಅವತ್ತು ಸಂಜೆ ಆ ಹುಡುಗಿಗೆ ಮುದ್ದೆ ಹಾಕೋರು ಯಾರು? ನಿಮ್ಮ ಮನೇಲಿ ಇಟ್ಕೋತೀರಾ?"

ಆಮೇಲೆ ನಾಮುಕೊಂಡ ಅಜ್ಜಿಯ ಹತ್ತಿರ ಹೋದರು. ಲೊಂಬೆಯ ಅಜ್ಜಿ ಈಕೆ. ಊರಿನ ಹುಡುಗಿಯರು ದೊಡ್ಡವರಾದಾಗ ಅವರನ್ನು ಒಳಗೆ ಕೂರಿಸಿ ಬುದ್ಧಿ ಹೇಳುವವಳು. ಒರಳಿನಲ್ಲಿ ಮರಗೆಣಸಿನ ಸೊಪ್ಪು ಕುಟ್ಟುತ್ತಿದ್ದಳು. ಒಳಗಿಂದ ಮ್ವಿಲಾಳ ಕೆಮ್ಮು ಕೇಳುತ್ತಿತ್ತು.

"ಬಂದ್ಯಾ ಗಂಡಾ" ಅಂದಳು ಅಜ್ಜಿ. "ನಿಮ್ಮೂರಲ್ಲಿ ಹೆಣ್ಣು ಸಿಗದೆ ನನ್ನ ಹತ್ರ ಬಂದ್ಯಾ?"

"ನಿನಗೆ ಹಲ್ಲಿಲ್ಲ, ನನಗೆ ಸಂಬಳ ಇಲ್ಲ. ಜೋಡಿ ಸರಿಹೋಗತ್ತೆ." ಹೀಗೆ ಸ್ವಲ್ಪ ಹೊತ್ತು ಆಡಿ ಮೇಷ್ಟ್ರು ಕೇಳಿದರು: "ಅಜ್ಜಿ, ಹುಡುಗಿ ಬದಲು ಬಿಳಿ ಮಣಿ ಕಟ್ಟಿ ನೆರಳು ಬಿಡಿಸೋ ಕ್ರಮ ಇದೆಯಂತಲ್ಲ?"

"ಇದೆ. ಹಿಟ್ಟು ಹಚ್ಚಿ, ಕೈಗೆ ಮಣಿ ಕಟ್ಟಿ, ಹೋಗಪ್ಪಾ ಅನ್ನೋದು. ಹೆಣ್ಣುಮಕ್ಕಳಿಲ್ಲದ ಮನೆಯೋರು ಮಾಡ್ತಾರೆ." ಒನಕೆ ನಿಲ್ಲಲಿಲ್ಲ. "ನಮ್ಮಲ್ಲಿ ಹೆಣ್ಣಿದ್ದಾಳಲ್ಲ. ಇಟ್ಕೊಂಡು ಕೊಡಲಿಲ್ಲ ಅಂದ್ರೆ ಮ್ವಿಲಾ ಗಂಡ ಸಂಪಾ, ಅವನ ಮನೆಯೋರು ಏನಂದಾರು? ಅದೂ ಅಲ್ದೆ ಅದನ್ನ ಹೇಳಬೇಕಾದೋನು ಸೋದರಮಾವ, ನ್ಕೊಲೆ. ನಾನಲ್ಲ."

"ಮ್ವಿಲಾಗೆ ಬಂದಿರೋ ಕಾಯಿಲೆ ಸಂಪಾಗೂ ಇರತ್ತೆ ಅಜ್ಜಿ. ಲೊಂಬೆಗೂ ಬರತ್ತೆ. ನಾನು ನಿಜ ಹೇಳ್ತಿದ್ದೀನಿ."

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ಎಲ್ಲಾ ನ್ಗೋನಿಗಳೂ ಹಾಗೇ ಹೇಳೋದು."

ಮ್ವಿಲಾ ಆ ವಾರವೇ ತೀರಿಕೊಂಡಳು.

ನಮ್ಮಲ್ಲಿ ಸಾವಿನ ಮನೆಗೆ ಗೇಲಿ ನೆಂಟ ಬರಲೇಬೇಕು. ಬರದಿದ್ದರೆ ಸತ್ತವರಿಗೆ ಮರ್ಯಾದೆ ಇಲ್ಲ. ಶಾವಾ ಮೇಷ್ಟ್ರು ಬಂದರು. ಮ್ವಿಲಾಳ ತಲೆವಸ್ತ್ರವನ್ನೇ ತಲೆಗೆ ಸುತ್ತಿಕೊಂಡು, ಅವಳು ಸೊಂಟಕ್ಕೆ ಕೈಯಿಟ್ಟು ಮೀನಿನವನ ಹತ್ತಿರ ಜಗಳ ಕಾಯುತ್ತಿದ್ದ ಹಾಗೆ ಜಗಳ ಕಾದರು. ಅಳುತ್ತಿದ್ದ ಹೆಂಗಸರು ಅಳುತ್ತಲೇ ನಕ್ಕರು. ಗುಂಡಿ ತೋಡುವಾಗ ಒಳಗೆ ಹಾರಿ ಮಲಗಿ, "ಇದು ಸಾಲಲ್ಲ, ಇನ್ನೂ ಅಗೀರಿ. ಬೆಂಬಾ ಹೊಟ್ಟೆ ಹಿಡಿಯಲ್ಲ ಇದು" ಅಂದರು. ಲೊಂಬೆ ಅಕ್ಕನ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದಳು. ಎರಡು ವರ್ಷದ ಕೂಸು, ಕಲುಬಾ ಎಂದು ಹೆಸರು. ಅವಳೊಬ್ಬಳು ನಗಲಿಲ್ಲ.

ಮರುದಿನ ಬೆಳಿಗ್ಗೆ ಮಾವಿನ ಮರದಡಿ ಹಿರಿಯರು ಕೂತರು. ನಾನೂ ಇದ್ದೆ. ಒಂದು ಕಡೆ ನ್ಕೊಲೆ ಮತ್ತು ಅವನ ಕಡೆಯವರು, ಎದುರಿಗೆ ಸಂಪಾ ಮತ್ತು ಅವನ ಅಣ್ಣಂದಿರು. ಸಂಪಾ ಕೆರೆ ಮೀನು ಒಣಗಿಸಿ ಲಾರಿಯವರಿಗೆ ಮಾರುವವನು. ಒಂದು ಕಾಲಕ್ಕೆ ಎರಡು ಮೂಟೆ ಒಟ್ಟಿಗೆ ಹೊರುತ್ತಿದ್ದ ಭುಜದ ಮೇಲೆ ಈಗ ಅಂಗಿಯೇ ನಿಲ್ಲುತ್ತಿರಲಿಲ್ಲ. ಮನೆಯ ಗೋಡೆಗೆ ಹೊಸ ಜೊಂಡಿನ ಚಾಪೆಯೊಂದನ್ನು ಸುರುಳಿ ಸುತ್ತಿ ಒರಗಿಸಿದ್ದರು. ಅದು ಯಾತಕ್ಕೆ ಎಂದು ಎಲ್ಲರಿಗೂ ಗೊತ್ತಿತ್ತು.

ನ್ಕೊಲೆ ಗಂಟಲು ಸರಿಮಾಡಿಕೊಂಡು, "ನಮ್ಮ ಮಗಳ ನೆರಳು ನಿಮ್ಮ ಮಗನ ಮೈಮೇಲೆ ಉಳಿದಿದೆ" ಎಂದು ಶುರು ಮಾಡಿದ. ಆಗ ಶಾವಾ ಮೇಷ್ಟ್ರು ಬಂದು, ಚಾಪೆಯನ್ನು ಎತ್ತಿಕೊಂಡು, ನಡುವೆ ಬಿಚ್ಚಿ ಹಾಸಿ ಅದರ ಮೇಲೆ ಕೂತುಬಿಟ್ಟರು. ತಲೆಯಲ್ಲಿ ಇನ್ನೂ ಮ್ವಿಲಾಳ ವಸ್ತ್ರ.

"ಏಳಪ್ಪಾ ನೆಂಟ" ಅಂದ ನ್ಕೊಲೆ ನಗುತ್ತಾ. "ಅದು ನಿಂಗಲ್ಲ."

"ಯುದ್ಧದಲ್ಲಿ ಸಿಕ್ಕಿದ ಮಾಲು. ಕೊಡಲ್ಲ."

"ಯಾವ ಯುದ್ಧ? ಸೋತೋರು ನೀವು."

"ಅದಕ್ಕೇ ಈಗ ಒಂದು ಚಾಪೆನಾದ್ರೂ ಗೆಲ್ತೀನಿ."

ಜನ ನಕ್ಕರು. ಸಂಪಾನ ಅಣ್ಣ ಒಂದು ಕೋಳಿ ಕೊಡುತ್ತೇವೆ ಏಳು ಎಂದ. ಮೇಷ್ಟ್ರು, ಕೋಳಿ ಬೇಡ, ಕೋಳಿಯನ್ನು ನೀವೇ ತಿಂದು ನನಗೆ ಪುಕ್ಕ ಕೊಡುವವರು ಎಂದರು. ಮತ್ತೆ ನಗು. ಅವರನ್ನು ಯಾರೂ ಹಿಡಿದು ಎಬ್ಬಿಸುವ ಹಾಗಿಲ್ಲ, ಗದರುವ ಹಾಗಿಲ್ಲ. ಸಾವಿನ ಮನೆಯಲ್ಲಿ ಗೇಲಿ ನೆಂಟನ ಮೇಲೆ ಸಿಟ್ಟಾದರೆ ಸತ್ತವರ ಮೇಲೆ ಸಿಟ್ಟಾದ ಹಾಗೆ. ಇವರು ಸಂಜೆಯವರೆಗೆ ಹೀಗೇ ಕೂತು ಕಾಲ ಕಳೆಯುತ್ತಾರೋ ಏನೋ ಎಂದು ನಾನು ಅಂದುಕೊಂಡೆ. ಅದರಿಂದ ಏನು ಬಂತು? ಚಾಪೆ ನಾಳೆಯೂ ಇರುತ್ತದೆ.

ಮೇಷ್ಟ್ರಿಗೂ ಅದು ಹೊಳೆದಿರಬೇಕು. ಅವರು ಸಂಪಾನ ಕಡೆ ತಿರುಗಿದರು. "ಏನಪ್ಪಾ ಸಂಪಾ, ಮೀನಿನ ಜೊತೆ ನೀನೂ ಬಿಸಿಲಿಗೆ ಮಲಗ್ತೀಯಾ? ಹಿಂಗೆ ಒಣಗಿದ್ದೀಯಲ್ಲ. ಮ್ವಿಲಾನೂ ಹಿಂಗೇ ಒಣಗಿದ್ಲು. ಅವಳನ್ನ ತಗೊಂಡು ಹೋಗಿದ್ದು ಯಾವುದೋ, ನಿನ್ನಲ್ಲಿರೋದೂ ಅದೇ ಅಲ್ವಾ?"

ಒಂದಿಬ್ಬರು ಅಭ್ಯಾಸಬಲದಿಂದ ನಕ್ಕು ನಡುವೆಯೇ ನಿಲ್ಲಿಸಿದರು. ಹೆಂಗಸರ ಕಡೆ ಅಳುವೂ ನಿಂತಿತು. ಬಾಗಿಲ ಸಂದಿಯಲ್ಲಿ ಲೊಂಬೆಯ ಮುಖ ಕಂಡಿತು.

ನ್ಕೊಲೆ ನಗುತ್ತಿರಲಿಲ್ಲ. ಮೆಲ್ಲಗೆ ಕೇಳಿದ: "ನೆಂಟ, ಇದು ಗೇಲಿನಾ, ಮಾತಾ?"

ಆ ಪ್ರಶ್ನೆಯನ್ನು ನಮ್ಮಲ್ಲಿ ಸುಮ್ಮನೆ ಕೇಳುವುದಿಲ್ಲ. ನಾನು ನನ್ನ ಆಯುಸ್ಸಿನಲ್ಲಿ ಅವತ್ತೊಂದು ದಿನ ಕೇಳಿದ್ದು. ಗೇಲಿ ಎಂದರೆ ಎಲ್ಲವೂ ಮಾಫಿ: ನಗು, ಮುದ್ದೆ, ಸಂಜೆಯ ಹೆಂಡ. ಆದರೆ ಆಡಿದ್ದೂ ಗಾಳಿಗೆ ಹೋಯಿತು, ಹುಡುಗಿ ಚಾಪೆಗೆ ಹೋದಳು. ಮಾತು ಎಂದರೆ ಅಲ್ಲಿಗೆ ನೆಂಟಸ್ತಿಕೆ ಕಳಚಿ ಬಿತ್ತು. ಆಮೇಲೆ ಅವನೊಬ್ಬ ಪರವೂರಿನವನು. ಹೆಣದ ಮನೆಯಲ್ಲಿ ನಿಂತು, ಸತ್ತವಳಿಗೂ ಉಳಿದವನಿಗೂ ಕೆಟ್ಟ ಹೆಸರು ಹಚ್ಚಿದವನು. ಅಂಥವನಿಗೆ ಏನು ಬೇಕಾದರೂ ಮಾಡಬಹುದು.

ಮೇಷ್ಟ್ರು ತಲೆಯ ವಸ್ತ್ರ ಬಿಚ್ಚಿದರು. ಮಡಿಸಿ ಚಾಪೆಯ ಮೇಲಿಟ್ಟರು. ಎದ್ದು ಚಾಪೆಯಿಂದ ಕೆಳಗಿಳಿದು ಮಣ್ಣಿನ ಮೇಲೆ ನಿಂತರು.

"ಮಾತು" ಅಂದರು.

ಅವರ ದನಿ ಅಷ್ಟು ಸಣ್ಣಗಿರಬಹುದು ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. "ಮ್ವಿಲಾ ಸತ್ತಿದ್ದು ಆ ಕಾಯಿಲೆಯಿಂದ. ಸಂಪಾಗೂ ಇದೆ ಅಂತ ನನ್ನ ಅನುಮಾನ. ಇವತ್ತು ಆ ಹುಡುಗಿನ ಕಳಿಸಿದ್ರೆ ನಾಳೆ ಇದೇ ಮರದಡಿ ಅವಳಿಗೋಸ್ಕರ ಕೂತ್ಕೋಬೇಕಾಗತ್ತೆ. ನಿಮ್ಮಲ್ಲೇ ಬಿಳಿ ಮಣಿ ಇದೆ. ಅದನ್ನ ಕಟ್ಟಿ. ನಾನು ಕೇಳ್ತಿರೋದು ಅಷ್ಟೇ."

ನ್ಕೊಲೆ ಎದ್ದ. ಈಗ ಅವನಿಗೆ ಸಿಟ್ಟಾಗುವ ಹಕ್ಕಿತ್ತು. "ಹಾಗಾದ್ರೆ ನೀನ್ಯಾರು? ನನ್ನ ತಂಗಿ ಮಗಳ ವಿಷಯ ಮಾತಾಡೋಕೆ ನೀನ್ಯಾರು? ನನ್ನ ಮನೇಲಿ ಉಂಡೆ, ನನ್ನ ಹೆಣದ ಮುಂದೆ ಹೊಲಸು ಮಾತಾಡಿದೆ."

"ಹೌದು" ಅಂದರು ಮೇಷ್ಟ್ರು.

"ಈ ಊರಿಂದ ನಡಿ."

"ಮಣಿ ಕಟ್ಟಿ. ಹೋಗ್ತೀನಿ."

ನಾಲ್ಕಾರು ಗಂಡಸರು ಎದ್ದು ನಿಂತರು. ಹೊಡೆಯುತ್ತಾರೆ ಎಂದೇ ನಾನು ತಿಳಿದೆ. ಆಗ ಸಂಪಾ ಮಾತಾಡಿದ. ನೆಲ ನೋಡಿಕೊಂಡೇ ಮಾತಾಡಿದ.

"ನನ್ನನ್ನ ಯಾರೂ ಕೇಳಲಿಲ್ಲ."

"ನಿನ್ನನ್ನ ಕೇಳೋದೇನಿದೆ?" ಅಂದ ಅವನ ಅಣ್ಣ.

"ಮ್ಪಿಕಾ ಆಸ್ಪತ್ರೆಗೆ ಹೋಗಿದ್ದೆ. ಸೂಜಿ ಚುಚ್ಚಿ ನೋಡಿದ್ರು. ಇದೆ ಅಂದ್ರು. ಮಾತ್ರೆ ಕೊಟ್ಟವ್ರೆ, ಮೀನಿನ ಮೂಟೇಲಿ ಮುಚ್ಚಿಟ್ಟಿದ್ದೀನಿ. ಮ್ವಿಲಾಗೆ ಬಾ ಅಂದೆ. ಯಾರಾದ್ರೂ ನೋಡಿದ್ರೆ ಅಂತ ಹೆದರಿದ್ಲು. ಮಳೆ ಮುಗೀಲಿ ಅಂದ್ಲು." ಅವನು ಮೂಗು ಒರೆಸಿಕೊಂಡ. "ನಂಗೆ ಹುಡುಗಿ ಬೇಡ. ಮಣಿ ಕಟ್ಟಿ."

ಸಂಪಾನನ್ನು ದೊಡ್ಡವನು ಮಾಡುವ ಆಸೆ ನನಗಿಲ್ಲ. ಅವನಿಗೆ ಮೊದಲೇ ಗೊತ್ತಿತ್ತು. ಚಾಪೆ ಗೋಡೆಗೆ ಒರಗಿದ್ದನ್ನು ಬೆಳಿಗ್ಗೆಯಿಂದ ನೋಡುತ್ತಿದ್ದ. ಮೇಷ್ಟ್ರು ಗೇಲಿ ಎಂದಿದ್ದರೆ ಅವನೂ ನಕ್ಕು, ಕತ್ತಲಾದ ಮೇಲೆ ಒಳಗೆ ಹೋಗುತ್ತಿದ್ದನೇ? ನಾನು ಒಮ್ಮೆ ಅವನನ್ನೇ ಕೇಳಿದೆ. "ಗೊತ್ತಿಲ್ಲ" ಅಂದ. ಅಷ್ಟಾದರೂ ಸುಳ್ಳಿಲ್ಲ.

ಒಳಗಿನಿಂದ ನಾಮುಕೊಂಡ ಅಜ್ಜಿ ಬಂದಳು. ಅವಳು ಸೊಂಟದ ದಾರದಿಂದ ಬಿಚ್ಚಿದ ಒಂದು ಬಿಳಿ ಮಣಿ ಅಂಗೈಯಲ್ಲಿತ್ತು. ಅದನ್ನು ನ್ಕೊಲೆಯ ಮುಂದೆ ಹಿಡಿದು ನಿಂತಳು. ಹೇಳಬೇಕಾದವನು ಅವನು. ಸಂಪಾನ ಅಣ್ಣಂದಿರ ಕಡೆ ನೋಡಿದ. ಅವರು ಬೇರೆ ಕಡೆ ನೋಡಿದರು. ಕೊನೆಗೆ ಹಿಟ್ಟು ತರಿಸಿ, ಸಂಪಾನ ಹಣೆಗೆ ಹಚ್ಚಿ, ಮಣಿಕಟ್ಟಿಗೆ ದಾರ ಸುತ್ತಿದ. ಗಂಟು ಎರಡು ಸಲ ಜಾರಿತು. "ನಿನ್ನ ನೆರಳು ನಿನಗೆ, ನಮ್ಮದು ನಮಗೆ" ಅಂದ.

ಮೇಷ್ಟ್ರನ್ನು ಊರಿನಿಂದ ಯಾರೂ ಓಡಿಸಲಿಲ್ಲ. ಓಡಿಸಿದ್ದರೆ ಅವರಿಗೇ ಸುಲಭವಾಗುತ್ತಿತ್ತೇನೋ. ಊರು ಅವರಿಗೆ ಮರ್ಯಾದೆ ಕೊಡತೊಡಗಿತು. "ನಮಸ್ಕಾರ ಶಾವಾ ಅವರೇ." ಹೆಂಡದ ಮನೆಗೆ ಹೋದರೆ ಎದ್ದು ಸ್ಟೂಲು ಬಿಟ್ಟುಕೊಡುತ್ತಿದ್ದರು, ಆಮೇಲೆ ಎಲ್ಲರೂ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ಇಲಿಯ ಸುದ್ದಿ ಎತ್ತುವವರಿಲ್ಲ. ಅವರೇ ಏನಾದರೂ ಕೆಣಕಿದರೆ, "ತಾವು ಹೇಳಿದ ಹಾಗೆ" ಎನ್ನುತ್ತಿದ್ದರು. ನ್ಕೊಲೆ ಎದುರಿಗೆ ಸಿಕ್ಕರೆ ಟೋಪಿ ತೆಗೆದು ದಾರಿ ಬಿಡುತ್ತಿದ್ದ. ಅಂಥ ಶಿಕ್ಷೆಯನ್ನು ಯಾವ ಪಂಚಾಯಿತಿಯೂ ಕೊಟ್ಟದ್ದನ್ನು ನಾನು ಕಂಡಿಲ್ಲ.

ತರಗತಿಯಲ್ಲೂ ಹಾಗೇ. ಮೇಷ್ಟ್ರು ಒಳಗೆ ಬಂದರೆ ಮಕ್ಕಳು ಎದ್ದು ನಿಲ್ಲುತ್ತಿದ್ದರು. ಹೇಳಿದ್ದನ್ನೆಲ್ಲ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಹಾಲಿನ ಡಬ್ಬ ಅಲ್ಲಾಡಿಸಿದರೆ ಸದ್ದಿಲ್ಲ.

"ಈಗ ನಂಬ್ತಾರೆ" ಅಂದರು ನನ್ನ ಹತ್ತಿರ. "ಆದ್ರೆ ಕೇಳಲ್ಲ. ಮೊದಲು ಕೇಳ್ತಿದ್ರು, ನಂಬ್ತಿರಲಿಲ್ಲ. ಎರಡೂ ಒಟ್ಟಿಗೆ ಸಿಗೋದು ಹೇಗೆ ಅಂತ ನೋಡ್ತಿದ್ದೀನಿ." ಅವರ ಮುಖದಲ್ಲಿ ದುಃಖ ಇತ್ತು, ಅದಕ್ಕಿಂತ ಹೆಚ್ಚಾಗಿ ಕಿಟಕಿಗೆ ನೀರಿನ ಚೀಲ ತೂಗು ಹಾಕಿದ ದಿನ ಇದ್ದ ಆ ಹುಡುಕಾಟ ಇತ್ತು.

ಹೀಗಿರುವಾಗ ಒಂದು ದಿನ, ತುಂಬಿದ ತರಗತಿಯಲ್ಲಿ, ಲೊಂಬೆ ಎದ್ದು ನಿಂತಳು.

"ಮೇಷ್ಟ್ರೇ, ಕಲುಬಾಗೂ ಪರೀಕ್ಷೆ ಮಾಡಿಸ್ಬೇಕಾ?"

ಅಕ್ಕ ಸತ್ತದ್ದು ಯಾತರಿಂದ ಎಂದು ನಮ್ಮೂರಿನ ಒಬ್ಬಳು ತಾನಾಗಿ, ಎಲ್ಲರ ಎದುರಿಗೆ ಒಪ್ಪಿಕೊಂಡ ಮೊದಲ ಮಾತು ಅದು.

"ಮಾಡಿಸ್ಬೇಕು" ಅಂದರು ಮೇಷ್ಟ್ರು. "ತಾಯಿಂದ ಬಂದಿರಬಹುದು. ಬರದೇನೂ ಇರಬಹುದು."

"ಬಂದಿದ್ರೆ?"

"ಮಕ್ಕಳಿಗೂ ಔಷಧಿ ಇದೆ."

"ನೋವಾಗತ್ತಾ?"

"ಚುಚ್ಚುವಾಗ ಅಳತ್ತೆ."

"ಭಾವ ಗುರುವಾರ ಮಾತ್ರೆ ತರೋಕೆ ಹೋಗ್ತಾನೆ. ಮಗು ನನ್ನ ಬಿಟ್ಟು ಇರಲ್ಲ. ನಾನೂ ಹೋಗಬೇಕು, ಲೆಕ್ಕದ ಪಾಠ ತಪ್ಪತ್ತೆ."

"ತಪ್ಪಲಿ. ಶುಕ್ರವಾರ ಹೇಳ್ಕೊಡ್ತೀನಿ."

ಲೊಂಬೆ ಕೂತಳು. ಅವಳ ಪಕ್ಕದ ಹುಡುಗಿ ಏನೋ ಪಿಸುಗುಟ್ಟಿದಳು. ಲೊಂಬೆ, "ನೀನೇ ಕೇಳು" ಅಂದಳು.

ಗುರುವಾರ ಬೆಳಿಗ್ಗೆ ಲಾರಿ ನಿಲ್ಲುವ ಕಡೆ ನಾನು ಅವರನ್ನು ನೋಡಿದೆ. ಸಂಪಾ ಮೀನಿನ ಮೂಟೆಯ ಮೇಲೆ ಕೂತಿದ್ದ. ಲೊಂಬೆ ಸ್ವಲ್ಪ ದೂರದಲ್ಲಿ, ನಾದಿನಿ ಇರಬೇಕಾದಷ್ಟು ದೂರದಲ್ಲಿ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದಳು. ಶಾಲೆಯ ನೀಲಿ ಲಂಗವನ್ನೇ ಹಾಕಿದ್ದಳು. ಲಾರಿಯ ಧೂಳು ತಿರುವಿನಲ್ಲಿ ಕಂಡಾಗ ನ್ಕೊಲೆ ಬಂದ. ಬಟ್ಟೆಯಲ್ಲಿ ಕಟ್ಟಿದ ಬೇಯಿಸಿದ ಗೆಣಸು ಲೊಂಬೆಯ ಕೈಗಿಟ್ಟ.

"ಮಗುಗೆ" ಅಂದ. ಆಮೇಲೆ, ಯಾರ ಮುಖವನ್ನೂ ನೋಡದೆ, "ಒಂದು ಅವನಿಗೂ ಕೊಡು."

ಲಾರಿ ಬಂತು. ಲೊಂಬೆ ಮೊದಲು ಹತ್ತಿದಳು.